ಏಜೆಂಟ್‌ಗೆ ಟೂಲ್ ವಿವರಣೆ: ಒಂದು ಸಾಲು ಸಾಕಾ, ಇಡೀ ಕೈಪಿಡಿ ಬೇಕಾ?

ಎಐ ಏಜೆಂಟ್ ಅಂದರೆ ಭಾಷಾ ಮಾಡೆಲ್ ಬಳಸಿ ಕೆಲಸ ಮಾಡಿಕೊಡುವ ಪ್ರೋಗ್ರಾಂ; ಟೂಲ್ ಅಂದರೆ ಆ ಮಾಡೆಲ್ ಕರೆಯಬಹುದಾದ ಒಂದು ಫಂಕ್ಷನ್. ಏಜೆಂಟ್‌ಗೆ ಟೂಲ್ ಕೊಡುವಾಗ ನಾವು ಬರೆದುಕೊಡುವುದು ಮುಖ್ಯವಾಗಿ ಮೂರು ಸಂಗತಿ: ಹೆಸರು, ವಿವರಣೆ, ಪ್ಯಾರಾಮೀಟರ್‌ಗಳ ಜೇಸನ್ ಸ್ಕೀಮಾ (ಯಾವ ಯಾವ ಇನ್‌ಪುಟ್ ಯಾವ ರೂಪದಲ್ಲಿ ಬೇಕು ಅನ್ನುವ ಪಟ್ಟಿ). ಒಳಗಿನ ಕೋಡ್ ಮಾಡೆಲ್ ಕಣ್ಣಿಗೆ ಬೀಳುವುದಿಲ್ಲ. 2023ರ ಜೂನ್‌ನಲ್ಲಿ ಓಪನ್‌ಎಐ ಫಂಕ್ಷನ್ ಕಾಲಿಂಗ್ ತಂದಾಗಲೂ ಹೀಗೇ ಇತ್ತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಎಂಸಿಪಿ (ಟೂಲ್‌ಗಳನ್ನು ಮಾಡೆಲ್‌ಗೆ ಜೋಡಿಸುವ ಮುಕ್ತ ಮಾನದಂಡ) ಬಿಡುಗಡೆ ಮಾಡಿದ ಮೇಲೂ ಹೀಗೇ ಇದೆ. ಯಾವ ಟೂಲ್ ಕರೆಯಬೇಕು ಅಂತ ಮಾಡೆಲ್ ತೀರ್ಮಾನಿಸುವುದು ನಾವು ಬರೆದ ಆ ನಾಲ್ಕು ಮಾತು ನೋಡಿಯೇ.

ಮನೆಯವರಿಗೋಸ್ಕರ ರೈಲಿನ ವಿಚಾರ ಹೇಳುವ ಒಂದು ಏಜೆಂಟ್ ಕಟ್ಟಿದ್ದೇನೆ. ಅದಕ್ಕೆ ಮೂರು ಟೂಲ್. ಒಂದು, ಎರಡು ನಿಲ್ದಾಣಗಳ ನಡುವೆ ಯಾವ ಯಾವ ರೈಲಿದೆ ಅಂತ ಹುಡುಕುತ್ತದೆ. ಇನ್ನೊಂದು, ಓಡುತ್ತಿರುವ ರೈಲು ಈಗ ಎಲ್ಲಿದೆ ಅಂತ ಹೇಳುತ್ತದೆ. ಮೂರನೆಯದು ಪಿಎನ್‌ಆರ್ ನೋಡುತ್ತದೆ. ಕೋಡ್ ಮುಟ್ಟದೆ ವಿವರಣೆಯನ್ನು ಮಾತ್ರ ಬದಲಿಸುತ್ತಾ ಅವೇ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳಿ ನೋಡಿದೆ.

ಮೊದಲು ಒಂದು ಸಾಲಿನದು. ‘ರೈಲಿನ ಮಾಹಿತಿ ಕೊಡುತ್ತದೆ’, ‘ರೈಲಿನ ಸ್ಥಿತಿ ತಿಳಿಸುತ್ತದೆ’, ಇಷ್ಟೇ. ಪಿಎನ್‌ಆರ್ ಟೂಲ್‌ಗೆ ಇದು ಧಾರಾಳ ಸಾಕಾಯಿತು. ಹತ್ತಂಕಿಯ ಸಂಖ್ಯೆ ಕಂಡರೆ ಮಾಡೆಲ್ ನೇರ ಅದಕ್ಕೇ ಹೋಗುತ್ತಿತ್ತು, ಯಾಕಂದ್ರೆ ಆ ಕೆಲಸ ಮಾಡುವ ಬೇರೆ ಟೂಲ್ ಇರಲಿಲ್ಲ. ತೊಂದರೆ ಬಂದದ್ದು ಉಳಿದ ಎರಡರಲ್ಲಿ. ‘ಅಮ್ಮ ಬರೋ ರೈಲು ಎಷ್ಟು ಹೊತ್ತಿಗೆ ಬರುತ್ತೆ?’ ಅಂತ ಕೇಳಿದರೆ ಏಜೆಂಟ್ ಹುಡುಕುವ ಟೂಲ್ ಕರೆದು, ವೇಳಾಪಟ್ಟಿಯ ಸಮಯವನ್ನೇ ನಿಜವಾಗಿ ಬರುವ ಸಮಯ ಅನ್ನುವ ಹಾಗೆ ಹೇಳುತ್ತಿತ್ತು. ಉತ್ತರ ನೋಡಲು ಸರಿಯಾಗೇ ಕಾಣುತ್ತದೆ. ಪ್ಲಾಟ್‌ಫಾರ್ಮ್‌ನಲ್ಲಿ ಒಂದು ಗಂಟೆ ಕಾಯುವವರಿಗೆ ಮಾತ್ರ ಅದು ತಪ್ಪು ಅಂತ ಗೊತ್ತಾಗುತ್ತದೆ.

ಎರಡನೆಯದು ಇಡೀ ಕೈಪಿಡಿ. ಎಪಿಐ, ಅಂದರೆ ಟೂಲ್ ಮಾಹಿತಿ ತರುವ ಸೇವೆ, ಅದರ ದಾಖಲೆಯನ್ನು ಹಾಗೇ ವಿವರಣೆಯೊಳಗೆ ಸುರಿಯುವುದು. ಹಲವರು ಇದನ್ನೇ ಮಾಡುತ್ತಾರೆ, ಜಾಸ್ತಿ ಹೇಳಿದಷ್ಟೂ ಒಳ್ಳೆಯದು ಅನ್ನುವ ಲೆಕ್ಕ. ನನಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಟೂಲ್ ವಿವರಣೆ ಸಾಮಾನ್ಯವಾಗಿ ಪ್ರತಿ ಸಲವೂ ಮಾಡೆಲ್‌ನ ಕಾಂಟೆಕ್ಸ್ಟ್‌ಗೆ, ಅಂದರೆ ಅದು ಒಮ್ಮೆಗೆ ಓದುವ ಪಠ್ಯಕ್ಕೆ, ಹೋಗುತ್ತದೆ. ಬಳಕೆದಾರ ಸುಮ್ನೆ ‘ನಮಸ್ಕಾರ’ ಅಂದರೂ ಆ ಟೋಕನ್‌ಗಳಿಗೆ (ಮಾಡೆಲ್ ಪಠ್ಯವನ್ನು ಒಡೆದು ಓದುವ ಚೂರುಗಳು) ಜಾಗ ಬೇಕು. ಜೊತೆಗೆ ಲಾಗಿನ್ ಕೀ, ತಾತ್ಕಾಲಿಕವಾಗಿ ಉಳಿಸಿಡುವ (ಕ್ಯಾಶ್) ಅವಧಿ, ಎರರ್ ಕೋಡ್ ಪಟ್ಟಿ ಇವೆಲ್ಲ ಕೋಡ್ ನೋಡಿಕೊಳ್ಳುವ ಸಂಗತಿ, ಮಾಡೆಲ್‌ಗೆ ಯಾಕೆ? ಆ ರಾಶಿಯೊಳಗೆ ಬೇಕಾದ ಒಂದೆರಡು ವಾಕ್ಯ ಹೂತುಹೋಗುತ್ತವೆ.

ಮೂರನೆಯದು ಒಂದು ಪ್ಯಾರಾ. ಓಡುವ ರೈಲಿನ ಟೂಲ್‌ಗೆ ಕೊನೆಗೆ ಉಳಿಸಿಕೊಂಡದ್ದರ ಸಾರ ಇದು:

‘ಒಂದು ರೈಲು ಈ ಹೊತ್ತಿಗೆ ಎಲ್ಲಿದೆ, ಎಷ್ಟು ತಡವಾಗಿದೆ ಎಂದು ಹೇಳುತ್ತದೆ. ಈಗ ಓಡುತ್ತಿರುವ ರೈಲಿನ ಬಗ್ಗೆ “ಬಂತಾ”, “ಲೇಟಾ”, “ಎಷ್ಟು ಹೊತ್ತಿಗೆ ಬರುತ್ತೆ” ಎಂದು ಕೇಳಿದರೆ ಇದನ್ನು ಬಳಸು. ಮುಂದಿನ ದಿನಗಳ ಪ್ರಯಾಣಕ್ಕೆ ಬಳಸಬೇಡ, ಅದಕ್ಕೆ ಹುಡುಕುವ ಟೂಲ್ ಇದೆ. ಐದಂಕಿಯ ರೈಲು ಸಂಖ್ಯೆ ಬೇಕು. ಹೆಸರಷ್ಟೇ ಗೊತ್ತಿದ್ದರೆ ಮೊದಲು ಹುಡುಕಿ ಸಂಖ್ಯೆ ತಿಳಿದುಕೋ. ದಿನಾಂಕ ಎಂದರೆ ರೈಲು ತನ್ನ ಮೊದಲ ನಿಲ್ದಾಣ ಬಿಟ್ಟ ದಿನ, ಪ್ರಯಾಣಿಕರು ಹತ್ತುವ ದಿನ ಅಲ್ಲ.’

ಇದರಲ್ಲಿ ಹೆಚ್ಚು ಕೆಲಸ ಮಾಡಿದ್ದು ಮೊದಲ ವಾಕ್ಯ ಅಲ್ಲ, ‘ಬಳಸಬೇಡ’ ಅನ್ನುವ ವಾಕ್ಯ. ಅದೊಂದನ್ನು ತೆಗೆದರೆ ಹಳೆಯ ಗೊಂದಲ ಮತ್ತೆ ಶುರು. ಟೂಲ್ ಏನು ಮಾಡುತ್ತದೆ ಅಂತ ಹೆಸರಿನಿಂದಲೇ ಮಾಡೆಲ್ ಸುಮಾರಾಗಿ ಊಹಿಸಿಬಿಡುತ್ತದೆ. ಪಕ್ಕದ ಟೂಲ್‌ಗೂ ಇದಕ್ಕೂ ಗಡಿ ಎಲ್ಲಿದೆ ಅನ್ನುವುದನ್ನು ಮಾತ್ರ ಊಹಿಸಲಾರದು. ದಿನಾಂಕದ ವಾಕ್ಯವೂ ಅಂಥದ್ದೇ. ರಾತ್ರಿ ಬೆಂಗಳೂರು ಬಿಟ್ಟ ರೈಲು ನಡುರಾತ್ರಿ ದಾಟಿ ದಾವಣಗೆರೆಗೆ ಬಂದರೆ, ಅಲ್ಲಿ ಹತ್ತುವವರಿಗೆ ‘ಇವತ್ತಿನ ರೈಲು’, ಟೂಲ್‌ಗೆ ನಿನ್ನೆಯ ರೈಲು. ಬರೆದು ಹೇಳದಿದ್ದರೆ ಇದು ಯಾರಿಗೆ ಹೊಳೆಯುತ್ತದೆ, ಅಲ್ವಾ?

ವಿವರಣೆ ಯಾವ ಭಾಷೆಯಲ್ಲಿರಬೇಕು? ಮೇಲಿನ ಪ್ಯಾರಾವನ್ನು ಪೂರ್ತಿ ಕನ್ನಡದಲ್ಲೂ ಇಟ್ಟು ನೋಡಿದೆ, ಇಂಗ್ಲಿಷಿನಲ್ಲೂ ಇಟ್ಟು ನೋಡಿದೆ. ಟೂಲ್ ಆರಿಸುವುದರಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಆದರೆ ಕಂಪ್ಯೂಟರ್ ಪಠ್ಯ ಉಳಿಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೂ ಮೂರು ಬೈಟ್ ಬೇಕು, ಟೋಕನ್‌ಗಳೂ ಸಾಮಾನ್ಯವಾಗಿ ಇಂಗ್ಲಿಷಿಗಿಂತ ಜಾಸ್ತಿ ಆಗುತ್ತವೆ. ಹಾಗಾಗಿ ವಿವರಣೆಯ ಮೈ ಇಂಗ್ಲಿಷಿನಲ್ಲಿಟ್ಟು, ಜನ ಕೇಳುವ ಮಾತುಗಳನ್ನು ಮಾತ್ರ ಕನ್ನಡದಲ್ಲೇ ಉಳಿಸಿದೆ. ‘ನಾಳಿದ್ದು’, ‘ಬರೋ ಸೋಮವಾರ’ ಇವನ್ನೆಲ್ಲ ಅನುವಾದಿಸಬಾರದು, ಮನೆಯವರು ಟೈಪ್ ಮಾಡುವುದು ಹಾಗೇ ತಾನೇ. ಇವತ್ತಿನ ದಿನಾಂಕವನ್ನು ಸಿಸ್ಟಮ್ ಪ್ರಾಂಪ್ಟ್‌ನಲ್ಲಿ (ಮಾಡೆಲ್‌ಗೆ ಮೊದಲೇ ಕೊಡುವ ಸೂಚನೆ) ಕೊಡದಿದ್ದರೆ ಮಾತ್ರ ಯಾವ ಭಾಷೆಯ ವಿವರಣೆಯೂ ‘ನಾಳಿದ್ದು’ ಯಾವತ್ತು ಅಂತ ಹೇಳಲಾರದು.

ನಿಲ್ದಾಣಗಳ ವಿಷಯಕ್ಕೆ ಬಂದರೆ ವಿವರಣೆಗಿಂತ ಸ್ಕೀಮಾ ಗೆದ್ದಿತು. ‘ನಿಲ್ದಾಣದ ಕೋಡ್ ಕೊಡು’ ಅಂತ ಬರೆದು ಪಠ್ಯವನ್ನು ಮುಕ್ತವಾಗಿ ಬಿಟ್ಟರೆ ‘ಬೆಂಗಳೂರು’ ಅಂತಲೇ ಬರುತ್ತಿತ್ತು. ಬೆಂಗಳೂರಿನಲ್ಲಿ ಕೆಎಸ್‌ಆರ್ ನಿಲ್ದಾಣದ ಕೋಡ್ ಎಸ್‌ಬಿಸಿ, ಯಶವಂತಪುರದ್ದು ವೈಪಿಆರ್. ಮಂಗಳೂರಿನಲ್ಲಿ ಸೆಂಟ್ರಲ್ ಎಂಎಕ್ಯೂ, ಜಂಕ್ಷನ್ ಎಂಎಜೆಎನ್. ನಮ್ಮ ಮನೆಯವರು ಓಡಾಡುವ ನಿಲ್ದಾಣಗಳನ್ನು ಈನಮ್ ಪಟ್ಟಿ, ಅಂದರೆ ಇವುಗಳಲ್ಲೇ ಒಂದನ್ನು ಆರಿಸಬೇಕು ಅನ್ನುವ ಪಟ್ಟಿ, ಮಾಡಿ ಸ್ಕೀಮಾದಲ್ಲಿ ಕೊಟ್ಟೆ. ಊರಿನ ಹೆಸರಷ್ಟೇ ಹೇಳಿದರೆ ಯಾವ ನಿಲ್ದಾಣ ಅಂತ ಕೇಳು ಅಂತ ಒಂದು ವಾಕ್ಯ ಸೇರಿಸಿದೆ. ಅಲ್ಲಿಗೆ ಅದು ಮುಗಿಯಿತು. ದೇಶದ ಎಲ್ಲ ನಿಲ್ದಾಣ ಬೇಕಿದ್ದರೆ ಪಟ್ಟಿ ನಡೆಯುವುದಿಲ್ಲ, ಕೋಡ್ ಹುಡುಕುವ ಬೇರೆ ಟೂಲೇ ಬೇಕಾಗುತ್ತದೆ.

ಇನ್ನು ಎರರ್ ಸಂದೇಶ. ‘ತಪ್ಪು ಇನ್‌ಪುಟ್’ ಅಂತ ಟೂಲ್ ವಾಪಸ್ ಕಳಿಸಿದರೆ ಏಜೆಂಟ್ ತಾನು ದಿನಾಂಕ ಅಂತ ಕೊಟ್ಟಿದ್ದ ಅದೇ 05/06ನ್ನು ಇನ್ನೊಮ್ಮೆ ಕಳಿಸುತ್ತದೆ. ‘ದಿನಾಂಕವನ್ನು ವರ್ಷ-ತಿಂಗಳು-ದಿನ ಕ್ರಮದಲ್ಲಿ, 2025-06-05 ಹೀಗೆ ಕೊಡು’ ಅಂದರೆ ಮುಂದಿನ ಸಲವೇ ಸರಿಮಾಡಿಕೊಳ್ಳುತ್ತದೆ. ಪ್ಯಾರಾ ಇನ್ನೂ ಉದ್ದ ಮಾಡೋಣ ಅನ್ನಿಸಿದಾಗೆಲ್ಲ ನಾನು ಈಗ ಮೊದಲು ಈ ಸಂದೇಶವನ್ನೇ ತಿದ್ದುತ್ತೇನೆ. ತಪ್ಪಾದಾಗ ಮಾತ್ರ ಕಾಂಟೆಕ್ಸ್ಟ್‌ಗೆ ಬರುವ ಮಾತು ಅದು, ಉಳಿದ ಹೊತ್ತು ಜಾಗ ತಿನ್ನುವುದಿಲ್ಲ.