ಪಿಸಿಟಿ ಅರ್ಜಿ ಸೇವೆ: ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟ ಬೆಲೆಗೆ ತಕ್ಕದ್ದೇ?

ಒಂದೇ ಆವಿಷ್ಕಾರಕ್ಕೆ ಹಲವು ದೇಶಗಳಲ್ಲಿ ಪೇಟೆಂಟ್ ಪಡೆಯಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಕೊನೆಗೆ ಬಂದು ಸೇರುವುದು ಪೇಟೆಂಟ್ ಸಹಕಾರ ಒಪ್ಪಂದದ, ಅಂದರೆ ಪಿಸಿಟಿಯ, ದಾರಿಗೆ. ಜಿನೀವಾದಲ್ಲಿರುವ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ಇದನ್ನು ನಡೆಸುತ್ತದೆ. 1970ರಲ್ಲಿ ಸಹಿಯಾಗಿ 1978ರಿಂದ ಅರ್ಜಿಗಳನ್ನು ಸ್ವೀಕರಿಸುತ್ತಿರುವ ಈ ವ್ಯವಸ್ಥೆಯಲ್ಲಿ ಈಗ 150ಕ್ಕೂ ಹೆಚ್ಚು ದೇಶಗಳಿವೆ. ನೀರಿನ ಕೊಳವೆಯಲ್ಲಿ ಒತ್ತಡ ಏರಿದಾಗ ತಾನಾಗಿಯೇ ತೆರೆದುಕೊಳ್ಳುವ ಒಂದು ಸಣ್ಣ ಕವಾಟಕ್ಕಾಗಿ ನಾನು ಈ ಸೇವೆಯನ್ನು ಮೊದಲ ಅರ್ಜಿಯಿಂದ ಹಿಡಿದು ಮೂರು ಪೇಟೆಂಟ್ ಕಚೇರಿಗಳ ರಾಷ್ಟ್ರೀಯ ಹಂತದವರೆಗೆ, ಅಂದರೆ ಆ ಕಚೇರಿಗಳೇ ಅರ್ಜಿಯನ್ನು ಪರೀಕ್ಷಿಸುವ ಹಂತದವರೆಗೆ, ಬಳಸಿದ್ದೇನೆ. ಸ್ವಂತ ಹಣ ಹಾಕಿ ಅರ್ಜಿ ಸಲ್ಲಿಸುವ ಒಬ್ಬಂಟಿ ಆವಿಷ್ಕಾರಕರಿಗೆ ಈ ಅನುಭವ ಉಪಯೋಗವಾದೀತೆಂದು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲೇ ಸ್ಪಷ್ಟಪಡಿಸಬೇಕಾದ ವಿಷಯವೊಂದಿದೆ. ಪಿಸಿಟಿ ಯಾರಿಗೂ ಪೇಟೆಂಟ್ ಕೊಡುವುದಿಲ್ಲ. ಜಗತ್ತಿಗೆಲ್ಲ ಅನ್ವಯಿಸುವ ಪೇಟೆಂಟ್ ಎಂಬುದೇ ಇಲ್ಲ. ಕೊಡುವುದೂ ನಿರಾಕರಿಸುವುದೂ ಆಯಾ ದೇಶದ ಅಥವಾ ಪ್ರದೇಶದ ಪೇಟೆಂಟ್ ಕಚೇರಿಗೆ ಬಿಟ್ಟದ್ದು. 1883ರ ಪ್ಯಾರಿಸ್ ಒಪ್ಪಂದದಂತೆ ಮೊದಲ ಅರ್ಜಿಯ ದಿನದಿಂದ, ಅಂದರೆ ಆದ್ಯತಾ ದಿನಾಂಕದಿಂದ, 12 ತಿಂಗಳೊಳಗೆ ಬೇರೆ ದೇಶಗಳಲ್ಲಿ ಅರ್ಜಿ ಹಾಕಬೇಕು. ಆ 12 ತಿಂಗಳೊಳಗೆ ಒಂದು ಪಿಸಿಟಿ ಅರ್ಜಿ ಸಲ್ಲಿಸಿದರೆ ಸದಸ್ಯ ದೇಶಗಳ ಬಾಗಿಲು ತಟ್ಟುವ ಗಡುವು 30 ತಿಂಗಳಿಗೆ ಹೋಗುತ್ತದೆ. ಯೂರೋಪಿಯನ್ ಪೇಟೆಂಟ್ ಕಚೇರಿಯಂಥ ಕೆಲವು ಕಡೆ 31 ತಿಂಗಳು. ನಾವು ಹಣ ಕೊಟ್ಟು ಪಡೆಯುವುದು ಮುಖ್ಯವಾಗಿ ಈ ಹೆಚ್ಚುವರಿ ಕಾಲವನ್ನು, ಅದರ ಜೊತೆಗೆ ನಮ್ಮ ಆವಿಷ್ಕಾರ ನಿಜಕ್ಕೂ ಹೊಸತೇ ಎಂಬುದರ ಕುರಿತು ಪರಿಣತರ ಒಂದು ಅಭಿಪ್ರಾಯವನ್ನು. ನನ್ನ ಮಟ್ಟಿಗೆ ಕಾಲಕ್ಕಿಂತ ಆ ಅಭಿಪ್ರಾಯವೇ ಹೆಚ್ಚು ಬೆಲೆಯದ್ದಾಗಿತ್ತು.

ಅರ್ಜಿಯನ್ನು ಇಪಿಸಿಟಿ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಸಲ್ಲಿಸಿದೆ. ಮೊದಲ ಸಲ ಬಳಸುವವರಿಗೆ ಪರದೆಯ ತುಂಬ ಕಾಣುವ ಆಯ್ಕೆಗಳು ಗಾಬರಿ ಹುಟ್ಟಿಸುತ್ತವೆ ಎಂಬುದು ನಿಜ. ಎರಡು ಸಂಜೆ ಕುಳಿತು ಓದಿದ ಮೇಲೆ ಅದು ಕೈಗೆ ಹತ್ತಿತು. ಇದರಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದು ಗಡುವುಗಳ ಪಟ್ಟಿ: ಯಾವ ದಿನ ಏನು ಮುಗಿಯಬೇಕೆಂಬುದು ನಮ್ಮದೇ ಅರ್ಜಿಯ ಲೆಕ್ಕದಲ್ಲಿ ಅಲ್ಲಿ ಕಾಣುತ್ತದೆ. ಆದ್ಯತಾ ಅರ್ಜಿಯ ಸಂಖ್ಯೆಯನ್ನು ನಮೂದಿಸುವಾಗ ನಾನು ಒಂದು ಅಂಕಿಯನ್ನು ತಪ್ಪಾಗಿ ಬರೆದಿದ್ದೆ. ಮೂಲ ದಾಖಲೆ ಸಿಗುತ್ತಿಲ್ಲವೆಂಬ ಸೂಚನೆ ಬಂದಾಗ ತಪ್ಪು ಗೊತ್ತಾಯಿತು. ಇಂಥ ತಪ್ಪನ್ನು ಸಾಮಾನ್ಯವಾಗಿ ಆದ್ಯತಾ ದಿನಾಂಕದಿಂದ 16 ತಿಂಗಳೊಳಗೆ ತಿದ್ದಿಕೊಳ್ಳಲು ನಿಯಮದಲ್ಲೇ ಅವಕಾಶವಿರುವುದರಿಂದ ಒಂದು ಪತ್ರದಲ್ಲಿ ಅದು ಸರಿಹೋಯಿತು. ಮನುಷ್ಯರು ತಪ್ಪು ಮಾಡುತ್ತಾರೆಂದು ಮೊದಲೇ ಎಣಿಸಿ ಕಟ್ಟಿದ ನಿಯಮಗಳಿವು ಎಂಬ ಭಾವನೆ ನನಗೆ ಆಗ ಬಂತು.

ಶುಲ್ಕದ ವಿಚಾರದಲ್ಲಿ ಎರಡು ಸಂಗತಿಗಳನ್ನು ಹೇಳುತ್ತೇನೆ. ಮೂಲ ಶುಲ್ಕ 30 ಹಾಳೆಗಳವರೆಗೆ ಮಾತ್ರ. ಅದಕ್ಕಿಂತ ಮೇಲೆ ಪ್ರತಿ ಹಾಳೆಗೂ ಬೇರೆ ಶುಲ್ಕವಿದೆ, ಮತ್ತು ಈ ಎಣಿಕೆಯಲ್ಲಿ ಅರ್ಜಿ ನಮೂನೆ, ವಿವರಣೆ, ಕ್ಲೇಮುಗಳು (ಯಾವುದರ ಮೇಲೆ ಹಕ್ಕು ಬೇಕೆಂದು ಹೇಳುವ, ಸಂಖ್ಯೆ ಹಾಕಿದ ವಾಕ್ಯಗಳು), ಸಾರಾಂಶ, ಚಿತ್ರಗಳು ಎಲ್ಲವೂ ಸೇರುತ್ತವೆ. ನನ್ನದು 34 ಹಾಳೆಯಾಗಿತ್ತು. ಒಂದೊಂದು ಹಾಳೆಗೆ ಒಂದೊಂದರಂತೆ ಬಿಡಿಸಿದ್ದ ಚಿತ್ರಗಳನ್ನು, ಅಂಕಿಗಳು ಓದಲು ಬರುವ ಹಾಗೆ, ಎರಡೆರಡಾಗಿ ಜೋಡಿಸಿದ ಮೇಲೆ ಸರಿಯಾಗಿ 30ಕ್ಕೆ ಬಂತು. ಇನ್ನೊಂದು, ನಿಗದಿತ ಪಟ್ಟಿಯಲ್ಲಿರುವ ದೇಶಗಳ ಪ್ರಜೆಗಳಾಗಿ ಅಲ್ಲೇ ವಾಸಿಸುವ ವ್ಯಕ್ತಿಗಳಿಗೆ ಅಂತರರಾಷ್ಟ್ರೀಯ ಅರ್ಜಿ ಶುಲ್ಕದಲ್ಲಿ 90% ರಿಯಾಯಿತಿ ಸಿಗುತ್ತದೆ. ಜಂಟಿ ಅರ್ಜಿದಾರರಿದ್ದರೆ ಅವರೆಲ್ಲರೂ ರಿಯಾಯಿತಿಗೆ ಅರ್ಹರಾಗಿರಬೇಕು; ಒಂದು ಕಂಪನಿಯ ಹೆಸರು ಸೇರಿಸಿದ್ದರಿಂದಲೇ ಈ ರಿಯಾಯಿತಿ ಕೈತಪ್ಪಬಹುದು. ಶೋಧ ಶುಲ್ಕ ಇದರಲ್ಲಿ ಬರುವುದಿಲ್ಲ, ಅದನ್ನು ಆಯಾ ಶೋಧ ಪ್ರಾಧಿಕಾರವೇ, ಅಂದರೆ ಹಿಂದಿನ ದಾಖಲೆಗಳನ್ನು ಹುಡುಕಿ ವರದಿಯನ್ನೂ ಅಭಿಪ್ರಾಯವನ್ನೂ ಕೊಡುವ ಪೇಟೆಂಟ್ ಕಚೇರಿಯೇ, ನಿಗದಿ ಮಾಡುತ್ತದೆ.

ಈಗ ಶೋಧ ವರದಿಯ ವಿಷಯಕ್ಕೆ ಬರುತ್ತೇನೆ. ನನಗೆ ಅದು 16ನೆಯ ತಿಂಗಳಲ್ಲಿ ಬಂತು. ನೋಡಲು ಕೆಲವೇ ಪುಟಗಳ ಒಂದು ಕೋಷ್ಟಕ: ಎಡಗಡೆ ಒಂದು ಅಕ್ಷರ, ನಡುವೆ ಹಿಂದಿನ ದಾಖಲೆಯ ವಿವರ, ಬಲಗಡೆ ಅದು ತಾಗುವ ಕ್ಲೇಮುಗಳ ಸಂಖ್ಯೆ. ಎಕ್ಸ್ ಎಂದಿದ್ದರೆ ಆ ಒಂದೇ ದಾಖಲೆ ನಮ್ಮ ಕ್ಲೇಮನ್ನು ಕೆಡವಬಲ್ಲದು; ವೈ ಎಂದಿದ್ದರೆ ಇನ್ನೊಂದು ದಾಖಲೆಯ ಜೊತೆಗೂಡಿ ಕೆಡವಬಲ್ಲದು; ಎ ಎಂದಿದ್ದರೆ ಅದು ಬರೀ ಹಿನ್ನೆಲೆಯ ತಿಳಿವಳಿಕೆ. ನನ್ನ ವರದಿಯ ಮೊದಲ ಸಾಲಿನಲ್ಲೇ ಎಕ್ಸ್ ಇತ್ತು, ಅದರೆದುರು 1ರಿಂದ 4 ಮತ್ತು 7ನೆಯ ಕ್ಲೇಮುಗಳ ಸಂಖ್ಯೆ ಇತ್ತು. ಅದು ಅನಿಲದ ಒತ್ತಡ ನಿಯಂತ್ರಿಸುವ ಸಾಧನವೊಂದರ ಹಳೆಯ ಪೇಟೆಂಟ್. ನಾನು ಹುಡುಕಿದ್ದೆಲ್ಲ ನೀರಿಗೆ ಸಂಬಂಧಿಸಿದ ಕವಾಟಗಳನ್ನು ಮಾತ್ರ. ಅನಿಲದ ಕಡೆ ಕಣ್ಣು ಹಾಯಿಸಬೇಕೆಂದು ಹೊಳೆದಿರಲಿಲ್ಲ. ಆ ರಾತ್ರಿ ಬೇಸರದಿಂದ ನಿದ್ದೆ ಬರಲಿಲ್ಲ. ಮರುದಿನ ಕೋಷ್ಟಕವನ್ನು ಇನ್ನೊಮ್ಮೆ ನಿಧಾನವಾಗಿ ನೋಡಿದಾಗ 5ನೆಯ ಕ್ಲೇಮಿನ ಎದುರು ಎ ಬಿಟ್ಟು ಬೇರೆ ಅಕ್ಷರವಿಲ್ಲವೆಂಬುದು ಕಂಡಿತು. ಕವಾಟದ ಮುಚ್ಚಳದ ಅಂಚಿನಲ್ಲಿ ನಾನು ಕೊರೆದಿದ್ದ ಓರೆಯಾದ ತೋಡಿನ ಕುರಿತ ಕ್ಲೇಮು ಅದು. ಅದನ್ನು ನನ್ನ ಪೇಟೆಂಟ್ ಏಜೆಂಟರ ಒತ್ತಾಯಕ್ಕೆ ಸೇರಿಸಿದ್ದೆ. ನನ್ನ ಆವಿಷ್ಕಾರದ ಜೀವ ಎಲ್ಲಿದೆ ಎಂಬುದನ್ನು, ಅದನ್ನು ಮಾಡಿದ ನನಗಿಂತ ಚೆನ್ನಾಗಿ, ನನ್ನ ಪರಿಚಯವೇ ಇಲ್ಲದ ಪರೀಕ್ಷಕರೊಬ್ಬರು ಗುರುತಿಸಿ ಕೊಟ್ಟಿದ್ದರು.

ಪಿಸಿಟಿಯ 19ನೆಯ ವಿಧಿಯ ಅಡಿಯಲ್ಲಿ ಕ್ಲೇಮುಗಳನ್ನು ಒಮ್ಮೆ ತಿದ್ದಲು ಅವಕಾಶವಿದೆ. ವರದಿ ರವಾನೆಯಾದ 2 ತಿಂಗಳು ಅಥವಾ ಆದ್ಯತಾ ದಿನಾಂಕದಿಂದ 16 ತಿಂಗಳು, ಯಾವುದು ತಡವೋ ಅಷ್ಟರೊಳಗೆ. 5ನೆಯದನ್ನು 1ನೆಯದರೊಳಗೆ ಸೇರಿಸಿ, 500 ಪದಗಳ ಮಿತಿಯ ವಿವರಣೆಯೊಂದಿಗೆ ಕಳುಹಿಸಿದೆ. ವಿವರಣೆಯನ್ನು, ಅಂದರೆ ಆವಿಷ್ಕಾರದ ವರ್ಣನೆಯ ಭಾಗವನ್ನು, ಅಥವಾ ಚಿತ್ರಗಳನ್ನು ತಿದ್ದಬೇಕಿದ್ದರೆ ಅಂತರರಾಷ್ಟ್ರೀಯ ಪ್ರಾಥಮಿಕ ಪರೀಕ್ಷೆಗೆ ಬೇರೆ ಕೋರಿಕೆ ಮತ್ತು ಬೇರೆ ಶುಲ್ಕ ಬೇಕು. ನನಗೆ ಅದು ಬೇಕಾಗಲಿಲ್ಲ. ವರದಿ ಪೂರ್ತಿ ಪ್ರತಿಕೂಲವಾಗಿದ್ದು ತಿದ್ದಿ ಉಳಿಸುವಂಥದ್ದು ಏನೂ ಇಲ್ಲವೆನಿಸಿದರೆ ಅರ್ಜಿಯನ್ನು ಎಲ್ಲರಿಗೂ ಕಾಣುವಂತೆ ಮಾಡುವ 18ನೆಯ ತಿಂಗಳ ಪ್ರಕಟಣೆಯ ತಾಂತ್ರಿಕ ಸಿದ್ಧತೆ ಮುಗಿಯುವ ಮುನ್ನವೇ ಅರ್ಜಿಯನ್ನು ಹಿಂತೆಗೆದುಕೊಂಡು ಗುಟ್ಟನ್ನು ಗುಟ್ಟಾಗಿಯೇ ಉಳಿಸಿಕೊಳ್ಳಬಹುದು. ಇದನ್ನು ತಿಳಿಯದೆ ಸುಮ್ಮನೆ ಕುಳಿತವರು ಪೇಟೆಂಟನ್ನೂ ಗುಟ್ಟನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಪ್ರಾಧಿಕಾರದ ಲಿಖಿತ ಅಭಿಪ್ರಾಯ ಕೂಡ ಪ್ರಕಟಣೆಯೊಂದಿಗೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಸಾರ್ವಜನಿಕ ಹುಡುಕು ತಾಣವಾದ ಪೇಟೆಂಟ್‌ಸ್ಕೋಪ್‌ನಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ ಎಂಬುದು ನೆನಪಿರಲಿ.

ಆದರೆ ಈ ಅಭಿಪ್ರಾಯ ಯಾವ ದೇಶವನ್ನೂ ಕಟ್ಟಿಹಾಕುವುದಿಲ್ಲ. ತಿದ್ದಿದ ಕ್ಲೇಮುಗಳೊಂದಿಗೆ ರಾಷ್ಟ್ರೀಯ ಹಂತಕ್ಕೆ ಹೋದ ಮೇಲೆ ಒಂದು ಕಚೇರಿಯ ಪರೀಕ್ಷಕರು ತಮ್ಮದೇ ಶೋಧ ನಡೆಸಿ, ಅಂತರರಾಷ್ಟ್ರೀಯ ವರದಿಯಲ್ಲಿ ಇಲ್ಲದಿದ್ದ ಇನ್ನೊಂದು ದಾಖಲೆಯನ್ನು ಮುಂದಿಟ್ಟರು. ಅದಕ್ಕೆ ಉತ್ತರಿಸಲು ಮತ್ತೆ ಏಜೆಂಟರ ಶುಲ್ಕ ತೆರಬೇಕಾಯಿತು. ವರದಿ ಚೆನ್ನಾಗಿ ಬಂತೆಂದು ನಿಶ್ಚಿಂತರಾಗುವುದು ಸರಿಯಲ್ಲ.

ನನಗೆ ನಿಜವಾದ ನೋವು ಕೊಟ್ಟದ್ದು ಅನುವಾದ. ನಾನು ಹೆಸರಿಸಲು ಇಚ್ಛಿಸದ ಒಂದು ಅನುವಾದ ಸಂಸ್ಥೆಗೆ 29ನೆಯ ತಿಂಗಳಲ್ಲಿ ಕಡತ ಕೊಟ್ಟೆ. ಗಡುವು ಕುತ್ತಿಗೆಗೆ ಬಂದಾಗ ಅವರು ಮುಗಿಸಿ ಕೊಟ್ಟರು. ಮೂಲದ ಕ್ಲೇಮಿನಲ್ಲಿ ಕವಾಟವನ್ನು ಹಿಡಿದಿಡುವ ಭಾಗಕ್ಕೆ 'ಸ್ಥಿತಿಸ್ಥಾಪಕ ಅಂಗ' ಎಂಬ ಅರ್ಥದ ಪದವಿತ್ತು, ರಬ್ಬರ್ ಇರಲಿ, ಬಾಗುವ ಲೋಹದ ಪಟ್ಟಿಯಿರಲಿ ಎಲ್ಲವೂ ಅದರಲ್ಲಿ ಬರಲೆಂದು. ಅನುವಾದದಲ್ಲಿ ಅದು 'ಸುರುಳಿ ಸ್ಪ್ರಿಂಗ್' ಎಂದಾಗಿತ್ತು. ಈ ಒಂದು ಪದ ಹಾಗೆಯೇ ಉಳಿದಿದ್ದರೆ, ಸುರುಳಿಯ ಬದಲು ರಬ್ಬರ್ ತುಂಡು ಹಾಕಿ ಯಾರು ಬೇಕಾದರೂ ನನ್ನ ಕವಾಟವನ್ನೇ ಮಾಡಿ ಮಾರಬಹುದಿತ್ತು. ಆ ದೇಶದ ಏಜೆಂಟರು ಚಿತ್ರಗಳನ್ನು ಪಠ್ಯದೊಂದಿಗೆ ಹೋಲಿಸಿ ನೋಡುವ ಅಭ್ಯಾಸದವರಾದ್ದರಿಂದ ತಿದ್ದುಪಡಿಗೆ ಅವಕಾಶವಿದ್ದಾಗಲೇ ಅದನ್ನು ಹಿಡಿದರು. ಅವರಿಗೆ ನಾನು ಋಣಿ. ಇದರಲ್ಲಿ ಪಿಸಿಟಿಯ ತಪ್ಪೇನೂ ಇಲ್ಲ, ಆದರೂ 30 ತಿಂಗಳಿದೆಯೆಂಬ ಭರವಸೆಯೇ ನನ್ನನ್ನು ಕೊನೆಯ ತಿಂಗಳವರೆಗೆ ಎಳೆದೊಯ್ದದ್ದು ಎಂಬುದನ್ನು ಒಪ್ಪಲೇಬೇಕು.

ಖರ್ಚಿನ ದೊಡ್ಡ ಪಾಲು ಬೀಳುವುದೂ ಈ ಹಂತದಲ್ಲೇ: ಪ್ರತಿ ಕಚೇರಿಯ ಶುಲ್ಕ, ಪ್ರತಿ ದೇಶದ ಏಜೆಂಟರು, ಅನುವಾದ, ಆಮೇಲೆ ನವೀಕರಣ ಶುಲ್ಕ. ಯೂರೋಪಿಯನ್ ಪೇಟೆಂಟ್ ಕಚೇರಿಯಲ್ಲಂತೂ ಪೇಟೆಂಟ್ ಇನ್ನೂ ಕೈಗೆ ಬಾರದಿರುವಾಗಲೇ ಮೂರನೆಯ ವರ್ಷದಿಂದ ವಾರ್ಷಿಕ ಶುಲ್ಕ ಆರಂಭವಾಗುತ್ತದೆ. ಆದ್ದರಿಂದ ದೇಶಗಳ ಆಯ್ಕೆಯನ್ನು ಭೂಪಟ ನೋಡಿಕೊಂಡು ಮಾಡಬಾರದು. ವಸ್ತು ಎಲ್ಲಿ ತಯಾರಾಗುತ್ತದೆ, ಎಲ್ಲಿ ಮಾರಾಟವಾಗುತ್ತದೆ, ನಕಲು ಮಾಡಬಲ್ಲವರು ಎಲ್ಲಿದ್ದಾರೆ ಎಂಬುದನ್ನು ನೋಡಿಯೇ ಮಾಡಬೇಕು. ನಾನು ಏಳರಿಂದ ಮೂರಕ್ಕೆ ಇಳಿದೆ. ಆ ಇಳಿಕೆಗೆ ಬೇಕಾದ ತಿಳಿವಳಿಕೆ ಸಿಕ್ಕಿದ್ದು ಈ ಹೆಚ್ಚುವರಿ ತಿಂಗಳುಗಳಲ್ಲಿ ಇಬ್ಬರು ತಯಾರಕರೊಂದಿಗೆ ಮಾತನಾಡಿದ್ದರಿಂದ.

ಒಂದೆರಡು ದೇಶ ಸಾಕೆಂದು ಈಗಾಗಲೇ ನಿರ್ಧರಿಸಿರುವವರಿಗೆ ಈ ಸೇವೆಯನ್ನು ನಾನು ಶಿಫಾರಸು ಮಾಡಲಾರೆ. ಅವರು 12 ತಿಂಗಳೊಳಗೆ ನೇರವಾಗಿ ಅಲ್ಲೇ ಅರ್ಜಿ ಹಾಕುವುದು ಅಗ್ಗ. ತೈವಾನ್ ಬೇಕಿದ್ದವರಿಗೆ ಪಿಸಿಟಿ ದಾರಿಯೇ ಇಲ್ಲ. ಅರ್ಜಿಗೆ ಮುಂಚೆಯೇ ಆವಿಷ್ಕಾರವನ್ನು ಸಭೆಯಲ್ಲೋ ಜಾಲತಾಣದಲ್ಲೋ ತೋರಿಸಿಬಿಟ್ಟವರನ್ನೂ ಇದು ಕಾಪಾಡದು: ಅಮೆರಿಕ, ಜಪಾನ್‌ಗಳಲ್ಲಿ ಅಂಥವರಿಗೆ ಒಂದು ವರ್ಷದ ವಿನಾಯಿತಿ ಇದೆಯಾದರೂ ಯೂರೋಪಿನಲ್ಲಿ ತೀರ ಅಪರೂಪದ ಸಂದರ್ಭ ಬಿಟ್ಟರೆ ಇಲ್ಲ. ಹೊರದೇಶದಲ್ಲಿ ಅರ್ಜಿ ಹಾಕುವ ಮುನ್ನ ತಮ್ಮ ದೇಶದ ಅನುಮತಿ ಬೇಕೇ ಎಂಬುದನ್ನೂ ವಿಚಾರಿಸಿಕೊಳ್ಳಬೇಕು.

ಪ್ರಕಟಣೆ ಸಾಮಾನ್ಯವಾಗಿ ಗುರುವಾರದಂದು ಆಗುತ್ತದೆ. ನನ್ನದು ಪ್ರಕಟವಾದ ಕೆಲವೇ ವಾರಗಳಲ್ಲಿ, ಸರಕಾರಿ ಮುದ್ರೆಯಂತೆ ಕಾಣುವ ಲಾಂಛನದೊಂದಿಗೆ, ನನ್ನ ಅರ್ಜಿಯ ಸಂಖ್ಯೆಯನ್ನು ಸರಿಯಾಗಿ ನಮೂದಿಸಿದ ಒಂದು 'ನೋಂದಣಿ ಶುಲ್ಕ'ದ ಬಿಲ್ಲು ಅಂಚೆಯಲ್ಲಿ ಬಂತು. ಅದು ಮೋಸದ್ದು. ಪ್ರಕಟಣೆಯಾದ ಮೇಲೆ ಇಂಥ ಯಾವ ನೋಂದಣಿಯೂ ಇಲ್ಲ, ಮತ್ತು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ತನ್ನ ತಾಣದಲ್ಲಿ ಇಂಥ ಪತ್ರಗಳ ಮಾದರಿಗಳನ್ನೇ ಹಾಕಿ ಎಚ್ಚರಿಸಿದೆ. ಆ ಎಚ್ಚರಿಕೆಯನ್ನು ಅರ್ಜಿ ಸ್ವೀಕೃತಿಯ ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಹಾಕಿದರೆ ಇನ್ನಷ್ಟು ಜನರಿಗೆ ಉಪಕಾರವಾದೀತು.

ಎರಡನೆಯ ಆವಿಷ್ಕಾರಕ್ಕೂ ಇದೇ ದಾರಿ ಹಿಡಿದಿದ್ದೇನೆ. ಈ ಸಲ ಶೋಧಕ್ಕೆ ಮುಂಚೆ ಪೇಟೆಂಟ್‌ಸ್ಕೋಪ್‌ನಲ್ಲಿ ಪಕ್ಕದ ಕ್ಷೇತ್ರಗಳನ್ನೂ ನಾನೇ ಜಾಲಾಡಿದ್ದೇನೆ, ಅನುವಾದವನ್ನು 26ನೆಯ ತಿಂಗಳಲ್ಲೇ ಕೊಡುವುದೆಂದು ಗಡುವುಗಳ ಪಕ್ಕದಲ್ಲಿ ಬರೆದಿಟ್ಟಿದ್ದೇನೆ, ಮತ್ತು ಕ್ಲೇಮುಗಳಲ್ಲಿ ಬದಲಾಗಕೂಡದ ಪದಗಳ ಒಂದು ಪುಟವನ್ನು ಅರ್ಥಸಮೇತ ಸಿದ್ಧಪಡಿಸಿ ಅನುವಾದಕರ ಕಡತಕ್ಕೆ ಲಗತ್ತಿಸಿದ್ದೇನೆ.