ಹಳೇ ಷೆವರ್ಲೆನಾ, ಹಳೇ ಫೋರ್ಡಾ? ಎರಡನ್ನೂ ಓಡಿಸಿ ನೋಡಿದೆ

ಕ್ಯಾಲಿಫೋರ್ನಿಯಾದ ಫ್ರೆಸ್ನೋಗೆ ನಾನು ಬಂದ ಹೊಸತರಲ್ಲಿ ಬಾದಾಮಿ ತೋಟಗಳ ಶೆಡ್ಡಿನ ಪಕ್ಕ ಹಳೇ ಪಿಕಪ್‌ಗಳು ಸುಮ್ನೆ ನಿಂತಿರುತ್ತಿದ್ದವು. ಕೇಳುವವರೇ ಇರಲಿಲ್ಲ. ಈಗ ಅಂಥದ್ದೇ ಗಾಡಿಗೆ ಹೊಸ ಕಾರಿನ ಬೆಲೆ ಹೇಳುತ್ತಾರೆ. ಇನ್ನೂ ತಡ ಮಾಡಿದರೆ ಕೈಗೆ ಎಟುಕಲ್ಲ ಅನ್ನಿಸಿ, ಎರಡು ಗಾಡಿಗಳನ್ನು ಎರಡೆರಡು ವಾರ ಓಡಿಸಿದೆ. ಒಂದು 1972ರ ಷೆವರ್ಲೆ ಸಿ10, ಇನ್ನೊಂದು 1970ರ ಫೋರ್ಡ್ ಎಫ್-100.

ಷೆವರ್ಲೆ ಗೆಳೆಯರದ್ದು. 350 ಘನ ಇಂಚಿನ ವಿ8 (ಎಂಟು ಸಿಲಿಂಡರ್) ಎಂಜಿನ್, ಆರೂವರೆ ಅಡಿಯ ಚಿಕ್ಕ ಬೆಡ್, ಅಂದರೆ ಹಿಂದೆ ಸಾಮಾನು ಹಾಕುವ ಜಾಗ. ನಾಲ್ಕೂ ಚಕ್ರಕ್ಕೆ ಕಾಯಿಲ್ ಸ್ಪ್ರಿಂಗ್ ಇರುವುದರಿಂದ ಗುಂಡಿ ರಸ್ತೆಯಲ್ಲೂ ಕಾರಿನ ಹಾಗೆ ಹೋಗುತ್ತದೆ. ಮುಂದೆ ಡಿಸ್ಕ್ ಬ್ರೇಕ್. ನೋಡೋಕೆ ಇದರಷ್ಟು ಚಂದದ ಟ್ರಕ್ ಕಡಿಮೆ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ಯಾರಾದರೂ ಬಂದು ಮಾತಾಡಿಸಿಯೇ ಹೋಗುತ್ತಾರೆ. ಬೆಲೆ 28,000 ಡಾಲರ್. ಆದರೆ ಎಂಟಡಿ ಪ್ಲೈವುಡ್ ಹಾಕಿದ ದಿನ ಹಿಂಬಾಗಿಲು ತೆರೆದಿಟ್ಟು, ತುದಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಬರಬೇಕಾಯಿತು.

ಫೋರ್ಡ್ ಪಕ್ಕದ ತೋಟದ ಹಿರಿಯ ರೈತರದ್ದು. ಬೆಡ್ ಎಂಟಡಿ, ಬೆಲೆ 9,500. ಸ್ಟೀರಿಂಗ್ ಪಕ್ಕದಲ್ಲೇ ಗೇರು, ಮೂರೇ ಮೂರು. ಅಪ್ಪನ ಅಂಬಾಸಿಡರ್‌ನಲ್ಲಿ ಗಾಡಿ ಕಲಿತ ಕೈ ನನ್ನದು, ಎರಡು ನಿಮಿಷದಲ್ಲಿ ಹೊಂದಿಕೊಂಡಿತು. ಬಾನೆಟ್ ಎತ್ತಿದರೆ 300 ಘನ ಇಂಚಿನ ಆರು ಸಿಲಿಂಡರ್ ಎಂಜಿನ್ ಉದ್ದಕ್ಕೆ ಕೂತಿದೆ. ಅಕ್ಕಪಕ್ಕ ಕೈ ಆರಾಮಾಗಿ ಆಡುತ್ತದೆ. ಇದರ ಟೈಮಿಂಗ್‌ಗೆ, ಅಂದರೆ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚೋಕೆ, ಚೈನೂ ಇಲ್ಲ, ಬೆಲ್ಟೂ ಇಲ್ಲ, ಹಲ್ಲುಚಕ್ರಕ್ಕೆ ಹಲ್ಲುಚಕ್ರ. 1965ರಲ್ಲಿ ಬಂದ ಈ ಎಂಜಿನ್ 1996ರವರೆಗೆ ಫೋರ್ಡ್ ಟ್ರಕ್‌ಗಳಲ್ಲಿ ಇತ್ತು ಅಂದರೆ ಅದರ ಗಟ್ಟಿತನ ನೀವೇ ಲೆಕ್ಕ ಹಾಕಿ.

ಬಾದಾಮಿ ಸೌದೆ ತುಂಬಿಕೊಂಡು ಸಿಯೆರಾ ಬೆಟ್ಟದ ಕಡೆಯ ಏರು ಹತ್ತಿದೆ. ಎರಡನೇ ಗೇರಿನಲ್ಲಿ, ಏದುಸಿರಿಲ್ಲದೆ, ಎತ್ತಿನ ಹಾಗೆ ಎಳೆಯಿತು. ಹಿಂದಿನ ಲೀಫ್ (ಪಟ್ಟಿ) ಸ್ಪ್ರಿಂಗ್ ಖಾಲಿ ಗಾಡಿಯಲ್ಲಿ ಕುಲುಕಿಸುತ್ತದೆ ನಿಜ, ಭಾರ ಬಿದ್ದರೆ ಹದಕ್ಕೆ ಬರುತ್ತದೆ. ನಾಲ್ಕೂ ಕಡೆ ಡ್ರಮ್ ಬ್ರೇಕ್, ಹಾಗಾಗಿ ಇಳಿಜಾರಿನಲ್ಲಿ ಮುಂದಿನ ಗಾಡಿಯಿಂದ ದೂರವೇ ಇದ್ದೆ. ಈ ಒಂದು ವಿಷಯದಲ್ಲಿ ಷೆವರ್ಲೆಯೇ ಮೇಲು. ಎರಡರಲ್ಲೂ ಪೆಟ್ರೋಲ್ ಟ್ಯಾಂಕ್ ಸೀಟಿನ ಹಿಂದೆ, ಕ್ಯಾಬಿನ್ ಒಳಗೇ ಇದೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಬೆಲೆ ಏರಿದ್ದು ಬರೀ ಹಳೇ ನೆನಪಿಗಲ್ಲ. ಎರಡಕ್ಕೂ ಬಿಡಿಭಾಗಗಳು ಇಂದಿಗೂ ಹೊಸದಾಗಿ ತಯಾರಾಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಳೆಯ ಪೆಟ್ರೋಲ್ ಗಾಡಿಗೆ ಹೊಗೆ ತಪಾಸಣೆ ಇಲ್ಲ. ಕಂಪ್ಯೂಟರ್ ಇಲ್ಲದ ಎಂಜಿನ್, ನಾಲ್ಕು ಸ್ಪ್ಯಾನರ್ ಇದ್ದರೆ ನಾವೇ ಬಿಚ್ಚಬಹುದು. ಆದರೆ ಜಾಸ್ತಿ ದುಡ್ಡು ಬೀಳುವುದು ಚಿಕ್ಕ ಬೆಡ್‌ಗೆ. ಅದಕ್ಕಾಗಿ ಉದ್ದ ಬೆಡ್ಡಿನ ಚಾಸಿಯನ್ನೇ ಕತ್ತರಿಸಿ ಗಿಡ್ಡ ಮಾಡುತ್ತಾರೆ. ನನಗಂತೂ ನೋಡಿದರೆ ಹೊಟ್ಟೆ ಉರಿಯುತ್ತದೆ. ದುಡಿಯೋಕೆ ಹುಟ್ಟಿದ ಗಾಡಿ ಅಲ್ವಾ ಅದು?

ಕೊಳ್ಳುವ ಮುಂಚೆ ಒಂದು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಕ್ಯಾಬಿನ್ನಿನ ಕೆಳಮೂಲೆಗಳಿಗೆ ಹಿಡಿಯಿರಿ. ಅಂಟದಿದ್ದರೆ ಬಣ್ಣದ ಕೆಳಗೆ ತಗಡಿಲ್ಲ, ಪುಟ್ಟಿ ಇದೆ ಅಂತ ಅರ್ಥ. ಫೋರ್ಡ್‌ನಲ್ಲಿ ನಾಲ್ಕು ಕಡೆಯೂ ಟಕ್ ಅಂತ ಅಂಟಿತು. ಅದನ್ನೇ ತಗೊಂಡೆ. ಕೀ ಕೊಡುವಾಗ ಆ ರೈತರು ಒಳಗೆ ಕೂತು ಚೋಕ್ ಎಳೆದು ತೋರಿಸಿದರು: ಮಾಮೂಲಿ ದಿನ ಅರ್ಧ ಇಂಚು, ಚಳಿ ಇದ್ದರೆ ಒಂದು.