ಮೈಸೂರಿನ ಸಣ್ಣ ಗ್ಯಾರೇಜೊಂದರ ಕಾರ್ಬುರೇಟರ್ ಕೆಲಸ
ಆಕ್ಸಿಲರೇಟರ್ ತಿರುವಿದೊಡನೆ ಒಂದು ಕ್ಷಣ ಮುಗ್ಗರಿಸುತ್ತಿದ್ದ ನನ್ನ ಹಳೆಯ ಟೂ-ಸ್ಟ್ರೋಕ್ ಬೈಕನ್ನು, ಬೇರೆಡೆ ಎರಡು ಸಲ ಸ್ಪಾರ್ಕ್ ಪ್ಲಗ್ ಬದಲಿಸಿಯೂ ಪ್ರಯೋಜನವಾಗದ ಕಾರಣ, ಈ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಮೊದಲು ಪ್ಲಗ್ ಬಿಚ್ಚಿ ನೋಡಿದರು. ತುದಿ ಕಂದಾಗಿರುವ ಬದಲು ಬಿಳುಪೇರಿತ್ತು, ಅಂದರೆ ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನಲ್ಲಿ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸೇರುತ್ತಿರಲಿಲ್ಲ. ಆಕ್ಸಿಲರೇಟರ್ ಸ್ವಲ್ಪವೇ ತಿರುವಿದಾಗ ಪೆಟ್ರೋಲ್ ಬಿಡುವ, ಆದರೆ ಕಟ್ಟಿಕೊಂಡಿದ್ದ ಪೈಲಟ್ ಜೆಟ್ಟನ್ನು ತಂತಿಯಿಂದ ಚುಚ್ಚದೆ (ಚುಚ್ಚಿದರೆ ರಂಧ್ರವೇ ಹಿಗ್ಗೀತು) ಕ್ಲೀನರ್ ಹಾಗೂ ಗಾಳಿಯ ಒತ್ತಡದಿಂದ ಶುಚಿಗೊಳಿಸಿ, ಎಂಜಿನ್ ಬಿಸಿಯಾದ ಮೇಲೆಯೇ ಗಾಳಿಯ ಪ್ರಮಾಣ ಹೊಂದಿಸುವ ಏರ್ ಸ್ಕ್ರೂವನ್ನು ಪೂರ್ತಿ ಮುಚ್ಚಿದ ಸ್ಥಿತಿಯಿಂದ ಸುಮಾರು 1.5 ಸುತ್ತು ಹೊರಕ್ಕೆ ತಂದು, ಎಂಜಿನ್ನಿನ ಸದ್ದು ಆಲಿಸುತ್ತ ಕಾಲು ಕಾಲು ಸುತ್ತಾಗಿ ಹೊಂದಿಸಿದರು. ಅರ್ಧ ಆಕ್ಸಿಲರೇಟರಿನಲ್ಲಿ ಉಳಿದಿದ್ದ ತಡವರಿಕೆಗೆ ಜೆಟ್ ಸೂಜಿ ಮೇಲೇರಿ ಪೆಟ್ರೋಲ್ ಹೆಚ್ಚು ಬರುವಂತೆ ಅದರ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದರು. ಅರ್ಧ ದಿನ ಕಾಯಬೇಕಾಯಿತು, ಕೂರಲು ಬೆಂಚೂ ಇಲ್ಲ. ಆದರೂ ಚಾಮುಂಡಿ ಬೆಟ್ಟದ ಏರಿನಲ್ಲಿ ಬೈಕು ಈಗ ಎಲ್ಲಿಯೂ ಮುಗ್ಗರಿಸುವುದಿಲ್ಲ.